ಹದಿನಾಲ್ಕು ದಿನ ಕಾಯದ ಹಾಲು

ಪುಣೆಯ ಸದಾಶಿವ ಪೇಠದಲ್ಲಿ ಗೋಡೆಗಳೂ ಗದರುತ್ತವೆ. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ, ಬೆಲ್ ಒಮ್ಮೆ ಮಾತ್ರ ಒತ್ತಿ, ಮಧ್ಯಾಹ್ನ ಅಂಗಡಿ ತೆರೆದಿರುವುದಿಲ್ಲ ಎಂದು ಮುಲಾಜಿಲ್ಲದೆ ಹೇಳುವ ‘ಪುಣೇರಿ ಪಾಟಿ’ ಫಲಕಗಳ ಪೇಟೆ ಇದು. ಆದರೆ ಬೆಳಿಗ್ಗೆ ಡೇರಿಯಲ್ಲಿ ಅಳೆದು ಕೊಡುವ ಹಾಲಿನಲ್ಲಿ ಏನೇನಿದೆ ಎಂದು ಹೇಳುವ ಪಾಟಿ ಸಿಗುವುದು ಕಷ್ಟ.

ಅನುಮಾನ ಬಂದರೆ ಕಾನೂನಿದೆ. ಅಧಿಕಾರಿ ಮಾದರಿ ತೆಗೆದು ಕಳಿಸಿದರೆ, ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು ಎನ್ನುತ್ತದೆ 2006ರ ಆಹಾರ ಸುರಕ್ಷತಾ ಕಾಯ್ದೆ. ಅಷ್ಟರಲ್ಲಿ ಆ ಹಾಲು ಚಹಾವಾಗಿ, ಮೊಸರಾಗಿ, ಪೇಡೆಯಾಗಿ ಎಂದೋ ಹೊಟ್ಟೆ ಸೇರಿರುತ್ತದೆ.

ಮನೆಯಲ್ಲಿ ಮಾಡುವ ಪರೀಕ್ಷೆ ಸರಳ. ನುಣುಪಾದ ಇಳಿಜಾರಿನ ಮೇಲೆ ಒಂದು ಹನಿ ಬಿಡಿ. ಗಟ್ಟಿ ಹಾಲು ಬಿಳಿ ಗೆರೆ ಎಳೆಯುತ್ತ ನಿಧಾನವಾಗಿ ಇಳಿಯುತ್ತದೆ. ನೀರು ಬೆರೆತದ್ದು ಗುರುತುಳಿಸದೆ ಜಾರುತ್ತದೆ. ನೀರು ಹಾಕುವ ಕಳ್ಳನಿಗೆ ಇಷ್ಟು ಸಾಕು. ಪರೀಕ್ಷೆಯನ್ನೇ ಓದಿಕೊಂಡು ಬರುವ ಕಳ್ಳನಿಗೆ ಸಾಲದು.

2008ರಲ್ಲಿ ಚೀನಾದಲ್ಲಿ ಆದದ್ದು ಅದೇ. ಅಲ್ಲಿನ ಪರೀಕ್ಷೆ ಅಳೆಯುತ್ತಿದ್ದುದು ಪ್ರೊಟೀನನ್ನಲ್ಲ, ಸಾರಜನಕವನ್ನು. ನೀರು ಬೆರೆಸಿದವರು ಕೊರತೆ ತುಂಬಲು ಮೆಲಮೈನ್ ಎಂಬ ರಾಸಾಯನಿಕ ಹಾಕಿದರು. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕಂದಮ್ಮಗಳು ಸತ್ತವು.

ಇಂಥ ಕಳ್ಳನನ್ನು ಹಿಡಿಯಲು ಚಿನ್ನ ಬೇಕಾಯಿತು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಹದಿನೈದಿಪ್ಪತ್ತು ನ್ಯಾನೊಮೀಟರಿನ ಚಿನ್ನದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವಾಗ ನೀರು ಕೆಂಪು. ಮೆಲಮೈನ್ ಸೇರಿದೊಡನೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ, ಕೆಂಪು ನೀಲಿಗೆ ತಿರುಗುತ್ತದೆ. ಅದನ್ನು ನೋಡಲು ಯಂತ್ರ ಬೇಡ, ಕಣ್ಣು ಸಾಕು.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಗರ್ಭ ಪರೀಕ್ಷೆಯ ಕಡ್ಡಿಯಂತೆ, ಹಾಲು ಪರೀಕ್ಷಿಸುವ ಪಟ್ಟಿಗಳಲ್ಲೂ ಕೆಂಪು ಗೆರೆ ಮೂಡಿಸುವುದು ಹೆಚ್ಚಾಗಿ ಇದೇ ಚಿನ್ನ. ಬೂಸ್ಟು ಹಿಡಿದ ಹಿಂಡಿ, ಮೇವಿನಿಂದ ಹಾಲಿಗಿಳಿಯುವ ಅಫ್ಲಾಟಾಕ್ಸಿನ್ ಎಂ1 ವಿಷ ಇದ್ದರೆ ಆ ಗೆರೆ ಮಾಸುತ್ತದೆ. 2018ರ ರಾಷ್ಟ್ರೀಯ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ ಅಪಾಯಕಾರಿ ಕಲಬೆರಕೆ ಕಂಡದ್ದು 12ರಲ್ಲಿ. ಈ ವಿಷ ಮಿತಿ ಮೀರಿದ್ದು 368ರಲ್ಲಿ. ಯಾರೂ ಬೆರೆಸದೆಯೇ ಬಂದದ್ದು!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮತ್ತೆ ಹನಿಗೇ ಮರಳಿದ್ದಾರೆ. ಹಾಲಿನ ಹನಿ ಒಣಗಿದಾಗ ಉಳಿಯುವ ಚಿತ್ತಾರವನ್ನು ಮೊಬೈಲಿನಲ್ಲಿ ಹಿಡಿದು, ನೀರು ಮತ್ತು ಯೂರಿಯಾ ಬೆರೆತದ್ದನ್ನು ಗುರುತಿಸುವ ದಾರಿ ತೋರಿಸಿದ್ದಾರೆ. ಮದ್ರಾಸ್ ಐಐಟಿಯ ಕಾಗದದ ಸಾಧನ ಅರ್ಧ ನಿಮಿಷದಲ್ಲಿ ಯೂರಿಯಾ, ಸಾಬೂನು, ಪಿಷ್ಟದಂಥವನ್ನು ಪತ್ತೆಹಚ್ಚುತ್ತದೆ.

ಇವುಗಳಿಗೂ ಮಿತಿಯಿದೆ. ಹಾಲಿನ ಕೊಬ್ಬು, ಪ್ರೊಟೀನುಗಳೇ ಚಿನ್ನದ ಕಣಗಳಿಗೆ ಅಡ್ಡ ಬರುತ್ತವೆ. ಎಷ್ಟೋ ಸಲ ಮೊದಲು ಹಾಲು ಒಡೆಸಿ ತಿಳಿ ತೆಗೆಯಬೇಕು. ಪಟ್ಟಿ ತನ್ನನ್ನು ಕೇಳಿದ್ದಕ್ಕಷ್ಟೇ ಉತ್ತರಿಸುತ್ತದೆ. ನಾಳೆ ಹೊಸದೊಂದನ್ನು ಬೆರೆಸಿದರೆ ಅದಕ್ಕೆ ಗೊತ್ತಾಗದು. ಶಿಕ್ಷೆ ಕೊಡಿಸಲು ಪ್ರಯೋಗಾಲಯದ ವರದಿಯೇ ಬೇಕು. ಆದರೆ ಶಿಕ್ಷೆ ಆಮೇಲಿನ ಮಾತು. ಈ ಹಾಲಿನ ಕ್ಯಾನು ಡೇರಿಯೊಳಗೆ ಬರಬೇಕೇ ಬೇಡವೇ ಎಂಬುದು ಹಾಲು ಕಾಯಿಸುವ ಮೊದಲೇ ತೀರ್ಮಾನವಾಗಬೇಕು.

ಸದಾಶಿವ ಪೇಠದ ಡೇರಿಯ ಬಾಗಿಲಲ್ಲಿ ಇನ್ನೊಂದು ಪಾಟಿಗೆ ಜಾಗವಿದ್ದೀತು. ಬರಹವೇನೂ ಬೇಡ, ಇಂದಿನ ತಾರೀಖು ಹಾಕಿ ಬೆಳಗಿನ ಪಟ್ಟಿ ಅಂಟಿಸಿದರಾಯಿತು.