ಜೊತೆ ಆಟಗಾರನೇ ಜಗಳಗಂಟನಾದಾಗ

ಬೆಂಗಳೂರಿನ ಶ್ರೀನಗರದಂತಹ ಬಡಾವಣೆಯಲ್ಲಿ ಒಂದು ಹವ್ಯಾಸಿ ಕಾಲ್ಚೆಂಡು ಕ್ಲಬ್ಬನ್ನು ಕಲ್ಪಿಸಿಕೊಳ್ಳಿ. ಶ್ರೀನಗರ, ಹನುಮಂತನಗರ, ಗಿರಿನಗರ, ಬನಶಂಕರಿ ಮೊದಲ ಹಂತ, ಇಷ್ಟು ಸುತ್ತಳತೆಯಿಂದ ಬರುವ ಹದಿನೆಂಟು ಮಂದಿ. ಕೆಲವರು ಪಿ.ಯು.ಸಿ. ಓದುವವರು, ಕೆಲವರು ನೌಕರಿಗೆ ಹೋಗುವವರು. ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನ ಹಿಡಿಯದಿದ್ದರೆ ಕ್ರಿಕೆಟ್‌ನವರು ಬಂದು ಸ್ಟಂಪ್ ನೆಟ್ಟುಬಿಡುತ್ತಾರೆ. ಚೆಂಡು, ನೆಟ್ಟು, ಪಂದ್ಯಾವಳಿಯ ಪ್ರವೇಶ ಶುಲ್ಕ ಎಲ್ಲವೂ ಸದಸ್ಯರ ಚಂದಾ ಹಣದಿಂದಲೇ ಆಗಬೇಕು.

ಈ ತಂಡದಲ್ಲಿ ಒಬ್ಬ ಹಿರಿಯ ರಕ್ಷಣಾ ಆಟಗಾರನಿದ್ದಾನೆ. ಆಟದಲ್ಲಿ ಉಳಿದವರಿಗಿಂತ ಒಂದು ಕೈ ಮೇಲು. ಬಾಯಿಯೂ ಅಷ್ಟೇ ಜೋರು. ಯಾರಾದರೂ ಪಾಸ್ ತಪ್ಪಿದರೆ ಸಾಕು, "ಲೋ, ಅದೇನು ಕಾಲೋ, ಕರೆಂಟ್ ಕಂಬಾನೋ?" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಾನೆ. ಮೊದಲ ತಿಂಗಳು ಎಲ್ಲರೂ ನಕ್ಕು ಸುಮ್ಮನಾದರು. ಮೂರನೆಯ ತಿಂಗಳಲ್ಲಿ ಬಲ ಅಂಚಿನಲ್ಲಿ ಆಡುತ್ತಿದ್ದ ಹದಿನಾರು ವರ್ಷದ ಹುಡುಗ ಬರುವುದನ್ನೇ ನಿಲ್ಲಿಸಿದ. ಕೇಳಿದರೆ "ಟ್ಯೂಷನ್ ಇದೆ ಅಣ್ಣಾ" ಎಂದ.

ಇಂಥವನನ್ನು ಏನು ಮಾಡುವುದು ಎಂಬ ಪ್ರಶ್ನೆ ಕ್ಲಬ್ಬುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರ ಹುಡುಕುವ ಮುನ್ನ ಹವ್ಯಾಸಿ ಕ್ಲಬ್ಬು ಯಾವುದರ ಮೇಲೆ ನಿಂತಿದೆ ಎಂಬುದನ್ನು ಗಮನಿಸಬೇಕು. ಬೆಂಗಳೂರಿನ ಕಾಲ್ಚೆಂಡಿನಲ್ಲಿ ಮೊದಲಿನಿಂದಲೂ ಎರಡು ಬಗೆಯ ತಂಡಗಳಿವೆ. ಎಚ್.ಎ.ಎಲ್., ಐ.ಟಿ.ಐ., ಎಂ.ಇ.ಜಿ.ಯಂತಹ ಸಂಸ್ಥೆಗಳ ತಂಡಗಳು ಒಂದು ಬಗೆ. ಅಲ್ಲಿ ಆಟಗಾರನನ್ನು ಶಿಸ್ತಿನಲ್ಲಿಡಲು ನೌಕರಿಯೇ ಇತ್ತು. ಮೇಲಧಿಕಾರಿ ಕರೆದು ಎರಡು ಮಾತು ಹೇಳಿದರೆ ಮುಗಿಯಿತು. ಇನ್ನೊಂದು ಬಗೆ, ಜನರೇ ಕಟ್ಟಿಕೊಂಡ ಕ್ಲಬ್ಬುಗಳು. 1937 ಮತ್ತು 1938ರಲ್ಲಿ ಸತತವಾಗಿ ಮುಂಬಯಿಯ ರೋವರ್ಸ್ ಕಪ್ ಗೆದ್ದು ತಂದ ಬೆಂಗಳೂರು ಮುಸ್ಲಿಮ್ಸ್ ಇಂತಹ ಕ್ಲಬ್ಬುಗಳ ಸಾಲಿನದು. ನಮ್ಮ ಬಡಾವಣೆಯ ಕ್ಲಬ್ಬಿಗೆ ಸಂಬಳವೂ ಇಲ್ಲ, ಮೇಲಧಿಕಾರಿಯೂ ಇಲ್ಲ. ಇಷ್ಟವಿದ್ದರೆ ಬರುತ್ತಾರೆ, ಬೇಸರವಾದರೆ ಬಿಡುತ್ತಾರೆ. ಆದ್ದರಿಂದ ಜಗಳಗಂಟನೊಬ್ಬ ತಂಡದಲ್ಲಿದ್ದರೆ ಆಗುವ ನಷ್ಟ ಮೊದಲು ಕಾಣುವುದು ಹಾಜರಿಯಲ್ಲಿ, ಆಮೇಲೆ ಗೋಲುಗಳ ಲೆಕ್ಕದಲ್ಲಿ. ಕೂಗಾಡುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಮಾತಿಲ್ಲದೆ ಬಿಟ್ಟುಹೋದವನ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಮೈದಾನದಲ್ಲಿ ಕೂಗುವುದೇ ತಪ್ಪೆಂದು ಭಾವಿಸಬಾರದು. ಕಾಲ್ಚೆಂಡಾಟ ಮೌನವಾಗಿ ಆಡುವ ಆಟವಲ್ಲ. ಚೆಂಡಿನ ಮೇಲೆ ಕಣ್ಣಿಟ್ಟವನಿಗೆ ಬೆನ್ನ ಹಿಂದೆ ಏನಾಗುತ್ತಿದೆ ಎಂಬುದು ತಿಳಿಯದು; ಹಿಂದಿನಿಂದ ನೋಡುವ ಗೋಲ್‌ಕೀಪರ್ ಮತ್ತು ರಕ್ಷಣಾ ಆಟಗಾರರೇ ಅವನಿಗೆ ಕಣ್ಣು. "ಹಿಂದೆ ಒಬ್ಬ ಬಂದ!", "ಟೈಮಿದೆ, ತಿರುಗು!", "ಎಡಕ್ಕೆ ಬಿಡು!" ಇವೆಲ್ಲ ಸುದ್ದಿ ಕೊಡುವ ಕೂಗುಗಳು. ಚೆಂಡು ಕಾಲಿಗೆ ಬರುವ ಮುನ್ನವೋ, ಬಂದ ಕ್ಷಣದಲ್ಲೋ ಕಿವಿಗೆ ಬೀಳುತ್ತವೆ, ಮುಂದಿನ ಹೆಜ್ಜೆಗೆ ನೆರವಾಗುತ್ತವೆ. "ಅದೇನು ಕಾಲೋ, ಕಂಬಾನೋ" ಎಂಬುದು ಚೆಂಡು ಹೋದ ಮೇಲಿನ ಕೂಗು. ಅದರಿಂದ ಚೆಂಡು ಹಿಂದಕ್ಕೆ ಬರುವುದಿಲ್ಲ.

ಎರಡನೆಯ ಬಗೆಯ ಕೂಗಿನಿಂದ ಆಟದಲ್ಲಿ ಆಗುವ ಬದಲಾವಣೆ ನಿಜಕ್ಕೂ ಕುತೂಹಲಕರ. ಬೈಸಿಕೊಂಡ ಹುಡುಗ ಮುಂದಿನ ಬಾರಿ ಎದುರಾಳಿಯನ್ನು ದಾಟುವ ಪ್ರಯತ್ನವನ್ನೇ ಮಾಡುವುದಿಲ್ಲ. ಬಂದ ಚೆಂಡನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳುತ್ತಾನೆ. ಇನ್ನೂ ಎರಡು ಸಲ ಬೈಗುಳ ಬಿದ್ದರೆ ಚೆಂಡನ್ನು ಕೇಳುವುದನ್ನೇ ಬಿಡುತ್ತಾನೆ. ಓಡುತ್ತಿರುವಂತೆ ಕಾಣುತ್ತದೆ, ಆದರೆ ಪಾಸ್ ತಲುಪದಂತೆ ಎದುರಾಳಿಯ ಮರೆಯಲ್ಲೇ ಓಡುತ್ತಿರುತ್ತಾನೆ. ಈಗ ಹಿಂದೆ ಚೆಂಡು ಹಿಡಿದು ನಿಂತ ನಮ್ಮ ಹಿರಿಯ ಆಟಗಾರನಿಗೆ ಪಾಸ್ ಕೊಡಲು ಒಬ್ಬನೂ ಸಿಗುವುದಿಲ್ಲ. ಎದುರಾಳಿಗಳು ಅವನ ಮೇಲೆಯೇ ಮುಗಿಬೀಳುತ್ತಾರೆ, ಅವನು ಮತ್ತಷ್ಟು ರೇಗುತ್ತಾನೆ. "ನಾನೊಬ್ಬನೇ ಆಡಬೇಕಾ?" ಎಂದು ಅವನು ಕೇಳುವುದರಲ್ಲಿ ಸುಳ್ಳಿಲ್ಲ. ಆ ಹೊತ್ತಿಗೆ ಅವನೊಬ್ಬನೇ ಆಡುತ್ತಿರುತ್ತಾನೆ. ಆ ಸ್ಥಿತಿಯನ್ನು ಅರ್ಧ ತಾನೇ ತಂದುಕೊಂಡೆ ಎಂಬುದು ಮಾತ್ರ ಅವನಿಗೆ ಕಾಣುವುದಿಲ್ಲ.

ಮಾತು ಮೀರಿ ಕೈಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ಕಂಡ ಉದಾಹರಣೆಯಿದೆ. 2005ರ ಏಪ್ರಿಲ್ 2ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ತಂಡ ಆಸ್ಟನ್ ವಿಲ್ಲಾ ವಿರುದ್ಧ ತವರು ಮೈದಾನದಲ್ಲಿ 0-3ರಿಂದ ಹಿಂದಿತ್ತು. ಆಗ ಅದೇ ತಂಡದ ಲೀ ಬೋಯರ್ ಮತ್ತು ಕೀರನ್ ಡೈಯರ್ ಪರಸ್ಪರ ಹೊಡೆದಾಡಿದರು. ತನಗೆ ಪಾಸ್ ಕೊಡುತ್ತಿಲ್ಲ ಎಂಬ ಬೋಯರ್‌ನ ದೂರಿನಿಂದ ಜಗಳ ಹತ್ತಿತು ಎಂದು ಡೈಯರ್ ನಂತರ ಹೇಳಿಕೊಂಡಿದ್ದಾರೆ. ರೆಫರಿ ಇಬ್ಬರಿಗೂ ಕೆಂಪು ಚೀಟಿ ತೋರಿಸಿದರು. ಅದಕ್ಕೂ ಮೊದಲೇ ಇನ್ನೊಬ್ಬ ಹೊರಹೋಗಿದ್ದರಿಂದ ತಂಡ ಎಂಟು ಜನರಲ್ಲಿ ಆಟ ಮುಗಿಸಿತು. ಸ್ವಂತ ತಂಡದವನಿಗೆ ಹೊಡೆದರೂ ಅದು ಎದುರಾಳಿಗೆ ಹೊಡೆದಷ್ಟೇ ಅಪರಾಧ. ಇದು ಅನೇಕ ಹುಡುಗರಿಗೆ ತಿಳಿದಿರುವುದಿಲ್ಲ. ಇಂದಿನ ನಿಯಮದಂತೆ, ಆಟ ನಡೆಯುತ್ತಿರುವಾಗ ನಿಮ್ಮದೇ ಪೆನಾಲ್ಟಿ ಆವರಣದಲ್ಲಿ ನಿಮ್ಮದೇ ಜೊತೆಗಾರನಿಗೆ ಹೊಡೆದರೆ ಎದುರಾಳಿಗೆ ಪೆನಾಲ್ಟಿ ಸಿಗುತ್ತದೆ!

ಇದಕ್ಕೆ ವಿರುದ್ಧವಾದ ಕಥೆಯೂ ಇದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಆಂಡಿ ಕೋಲ್ ಮತ್ತು ಟೆಡ್ಡಿ ಶೆರಿಂಗ್‌ಹ್ಯಾಮ್ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಆದರೂ 1999ರಲ್ಲಿ ಅವರ ತಂಡ ಒಂದೇ ಋತುವಿನಲ್ಲಿ ಮೂರು ಪ್ರಮುಖ ಕಪ್‌ಗಳನ್ನು ಗೆದ್ದಿತು. ಇದನ್ನು ಮುಂದಿಟ್ಟುಕೊಂಡು "ಸ್ನೇಹ ಬೇಕಿಲ್ಲ, ಆಟ ಸಾಕು" ಎನ್ನುವವರಿದ್ದಾರೆ. ನನಗೆ ಆ ವಾದ ಅಷ್ಟಾಗಿ ಒಪ್ಪಿಗೆಯಿಲ್ಲ. ಸಂಬಳ ಬರುವ ಕಡೆ ಮುನಿಸೂ ನಡೆದುಹೋಗುತ್ತದೆ. ಚಂದಾ ಕೊಟ್ಟು ಆಡುವ ಕಡೆ ಮುನಿಸಿಕೊಂಡವನು ಮನೆಯಲ್ಲಿ ಉಳಿಯುತ್ತಾನೆ. ಆದರೆ ಅದರಿಂದ ಕಲಿಯುವುದೂ ಒಂದಿದೆ. ಹದಿನೆಂಟು ಜನರೂ ಪರಸ್ಪರ ಇಷ್ಟಪಡಲೇಬೇಕು ಎಂಬ ಹಟ ಬೇಡ. ಚೆಂಡು ಕೊಡುವಾಗ ಕೊಟ್ಟರೆ ಅಷ್ಟರ ಮಟ್ಟಿಗೆ ತಂಡ ನಡೆಯುತ್ತದೆ.

ಹಾಗಾದರೆ ನಾಯಕ ಮಾಡಬೇಕಾದ್ದೇನು? ನಿಯಮ ಪುಸ್ತಕದ ಪ್ರಕಾರ ನಾಯಕನಿಗೆ ವಿಶೇಷ ಅಧಿಕಾರವಿಲ್ಲ, ತಂಡದ ನಡತೆಗೆ ಒಂದಿಷ್ಟು ಹೊಣೆ ಮಾತ್ರ ಇದೆ. ಪಂದ್ಯದ ನಡುವೆ ಎಲ್ಲರೆದುರು ಬುದ್ಧಿ ಹೇಳಿದರೆ ಜಗಳ ಎರಡಾಗುತ್ತದೆ. ಸೋತ ದಿನ ಸಂಜೆಯೂ ಒಳ್ಳೆಯ ಹೊತ್ತಲ್ಲ. ವಾರದ ಮಧ್ಯೆ, ಕಾಫಿಗೆ ಕರೆದು, ಒಬ್ಬನೇ ಇರುವಾಗ ಹೇಳಬೇಕು. ಹೇಳುವವನು ಅವನ ಸಮವಯಸ್ಕನೋ, ಅವನು ಗೌರವಿಸುವ ಹಿರಿಯನೋ ಆಗಿದ್ದರೆ ಉತ್ತಮ. ಹತ್ತು ಜನ ಸುತ್ತುವರಿದು ಕೂತರೆ ಅದು ಪಂಚಾಯಿತಿಯಾಗುತ್ತದೆ. "ನಿನ್ನ ಸ್ವಭಾವವೇ ಸರಿಯಿಲ್ಲ" ಎಂದರೆ ಅವನು ಬದಲಿಸಿಕೊಳ್ಳುವುದಾದರೂ ಏನನ್ನು? "ಗುರು, ಹೋದ ವಾರ ಎರಡನೇ ಗೋಲು ಬಿದ್ದ ಮೇಲೆ ಆ ಹುಡುಗನಿಗೆ ನೀನು ಬೈದೆ. ಆಮೇಲೆ ಅವನು ಒಂದು ಸಲವೂ ಚೆಂಡು ಕೇಳಲಿಲ್ಲ, ನೋಡಿದೆಯಾ?" ಎಂದರೆ ಅವನಿಗೆ ನೆನಪಿಸಿಕೊಳ್ಳಲು ಒಂದು ಘಟನೆ ಸಿಗುತ್ತದೆ.

ಅವನ ಮಾತನ್ನೂ ಕೇಳಬೇಕು. ಇಂಥ ಕ್ಲಬ್ಬುಗಳಲ್ಲಿ ಕೂಗಾಡುವವನೇ ಅನೇಕ ವೇಳೆ ಎಲ್ಲರಿಗಿಂತ ಹೆಚ್ಚು ದುಡಿಯುವವನು. ಚೆಂಡಿಗೆ ಗಾಳಿ ಹಾಕಿಸುವುದು, ಎಲ್ಲರಿಗೂ ಫೋನ್ ಮಾಡಿ ಎಬ್ಬಿಸುವುದು, ಕೊರತೆ ಬಿದ್ದಾಗ ಜೇಬಿನಿಂದ ಹಾಕುವುದು ಅವನೇ. ತಡವಾಗಿ ಬರುವ, ಅಭ್ಯಾಸ ತಪ್ಪಿಸಿ ಪಂದ್ಯಕ್ಕೆ ಮಾತ್ರ ಹಾಜರಾಗುವ ಐದಾರು ಜನರ ಮೇಲಿನ ಸಿಟ್ಟನ್ನು ಅವನು ಸಮಯಕ್ಕೆ ಸರಿಯಾಗಿ ಬಂದ ಹುಡುಗನ ಮೇಲೆ ತೀರಿಸಿಕೊಳ್ಳುತ್ತಿರಬಹುದು. ಆ ಕೆಲಸಗಳನ್ನು ಹಂಚಿಕೊಂಡರೆ ಅರ್ಧ ಕೂಗು ತಾನಾಗಿ ಇಳಿಯುತ್ತದೆ.

ಇಳಿಯದಿದ್ದರೆ? ಇಂಗ್ಲೆಂಡಿನ ಹವ್ಯಾಸಿ ಪಂದ್ಯಗಳಲ್ಲಿ 2019ರಿಂದ ಒಂದು ಕ್ರಮವಿದೆ. ರೆಫರಿಯ ಮೇಲೆ ಎಗರಾಡಿದವನು 10 ನಿಮಿಷ ಹೊರಗೆ ಕುಳಿತು ಮತ್ತೆ ಒಳಬರಬೇಕು. ಇದನ್ನು ನಮ್ಮ ಭಾನುವಾರದ ಅಭ್ಯಾಸಕ್ಕೂ ತರಬಹುದು. ಜೊತೆಗಾರನನ್ನು ಹೀಯಾಳಿಸಿದವನು, ಯಾರೇ ಆಗಲಿ, ನಾಯಕನೇ ಆಗಲಿ, ಐದು ನಿಮಿಷ ಗೆರೆಯಾಚೆ. ಋತು ಆರಂಭವಾಗುವ ಮುನ್ನವೇ ಎಲ್ಲರೂ ಒಪ್ಪಿ ಬರೆದಿಟ್ಟುಕೊಳ್ಳಬೇಕು. ಗಲಾಟೆಯಾದ ಮೇಲೆ ಮಾಡಿದ ನಿಯಮ ಒಬ್ಬನಿಗಾಗಿಯೇ ಮಾಡಿದಂತೆ ಕಾಣುತ್ತದೆ. ಅದಕ್ಕೂ ಬಗ್ಗದವನನ್ನು ಎರಡು ಪಂದ್ಯ ಕೂರಿಸಲೇಬೇಕಾಗುತ್ತದೆ. ಆ ಎರಡೂ ಪಂದ್ಯಗಳನ್ನು ತಂಡ ಸೋಲಬಹುದು. ಅಷ್ಟಕ್ಕೂ ಅವನು ಒಳ್ಳೆಯ ಆಟಗಾರ.

ಇನ್ನು ಟ್ಯೂಷನ್ ನೆಪ ಹೇಳಿದ ಆ ಹುಡುಗ. ಅವನ ಮನೆಗೆ ನಾಯಕ ತಾನೇ ಹೋಗಬೇಕು, ಫೋನಿನಲ್ಲಿ ಮುಗಿಸುವ ಮಾತಲ್ಲ ಇದು. ಜೊತೆಗೆ ಆ ಹಿರಿಯ ಆಟಗಾರನನ್ನು ಮೊದಲ ಸಲವೇ ಕರೆದೊಯ್ಯುವುದು ಬೇಡ. ಅಮ್ಮ ಕೊಟ್ಟ ಕಾಫಿ ಕುಡಿಯುತ್ತ ಹುಡುಗ "ಏನಿಲ್ಲ ಅಣ್ಣಾ" ಎಂದುಬಿಡುತ್ತಾನೆ. ಒಬ್ಬನೇ ಹೋಗಿ, ಗೇಟಿನ ಬಳಿ ನಿಂತು ಹತ್ತು ನಿಮಿಷ ಕಾದರೆ, ನಿಜವಾದ ಕಾರಣ ಹೊರಗೆ ಬರುತ್ತದೆ.