ಹಿಡಿದ ಹೆಗಲು

ಹೆಗಲು ಹಿಡಿಯಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ದೊರೆಯುವ ಉಪದೇಶವು “ಕೈಯನ್ನು ಅಲುಗಿಸಬೇಡ” ಎಂಬುದೇ. ನೊಂದ ಅಂಗಕ್ಕೆ ವಿಶ್ರಾಂತಿಯು ಹಿತವೆಂಬುದು ಸಾಮಾನ್ಯ ನ್ಯಾಯ. ಈ ಒಂದು ವ್ಯಾಧಿಯಲ್ಲಿ ಮಾತ್ರ ಆ ನ್ಯಾಯವು ಸಲ್ಲದು. ನಮ್ಮ ನಂದೂರಿನ ಕಡೆ ದಿನವೂ ಜೋಳದ ರೊಟ್ಟಿ ಬಡಿಯುವ ತಾಯಂದಿರು ತಿಂಗಳುಗಟ್ಟಲೆ ಕೈಯನ್ನು ಎದೆಗವಚಿಕೊಂಡಿದ್ದು, ಕಡೆಗೆ ಜಡೆ ಹೆಣೆದುಕೊಳ್ಳಲೂ ಕುಪ್ಪಸ ತೊಡಲೂ ಪರರನ್ನು ಆಶ್ರಯಿಸುವಂತಾಗುವುದುಂಟು. ಸಂಕೋಚದಿಂದ ಬಾಯಿಬಿಟ್ಟು ಹೇಳದವರೂ ಉಂಟು.

ವ್ಯಾಧಿಯು ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ‘ಅವಬಾಹುಕ’ವೆಂಬುದರ ಪ್ರಸ್ತಾಪವಿದೆ, ಹೆಗಲಿನಲ್ಲಿ ನೆಲೆನಿಂತ ವಾಯುವು ಅಲ್ಲಿಯ ಬಂಧನವನ್ನು ಒಣಗಿಸಿ ಸಿರೆಗಳನ್ನು ಕುಗ್ಗಿಸುವುದೆಂದು ಅದರ ತಾತ್ಪರ್ಯ. ಅಮೆರಿಕೆಯ ಶಸ್ತ್ರವೈದ್ಯನಾದ ಕಾಡ್‌ಮನ್ನನು 1934ರಲ್ಲಿ ಇದನ್ನು ‘ಫ್ರೋಜನ್ ಶೋಲ್ಡರ್’, ಎಂದರೆ ಹೆಪ್ಪುಗಟ್ಟಿದ ಹೆಗಲು, ಎಂದು ಕರೆದನು. ಕೀಲನ್ನು ಸುತ್ತಿರುವ ಚೀಲದಂತಹ ಪೊರೆಯು ದಪ್ಪವಾಗಿ ಕುಗ್ಗಿರುವುದನ್ನು 1945ರಲ್ಲಿ ನೆವಿಯಾಸರನು ವಿವರಿಸಿದನು. ಮಾತುಗಳು ಎಷ್ಟು ಸಮೀಪ! ಆದರೂ ಎರಡೂ ಒಂದೇ ಎಂದು ಸಾಧಿಸಹೊರಡುವುದು ಪಂಡಿತರ ಚಾಪಲ್ಯವಾದೀತು.

40ರಿಂದ 60 ವಯಸ್ಸಿನೊಳಗಿನವರಿಗೆ, ಅದರಲ್ಲಿಯೂ ಸ್ತ್ರೀಯರಿಗೆ, ಇದು ಹೆಚ್ಚು. ಮಧುಮೇಹಿಗಳಿಗಂತೂ ಇನ್ನೂ ಹೆಚ್ಚು. ಆದುದರಿಂದ ಹೆಗಲು ಹಿಡಿದವರು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಮೊದಲು ರಾತ್ರಿ ನಿದ್ರೆಗೆಡಿಸುವ ನೋವು, ಅನಂತರ ಬಿಗಿತ, ಆಮೇಲೆ ಮೆಲ್ಲಮೆಲ್ಲನೆ ಸಡಿಲಿಕೆ. ಒಟ್ಟಿನಲ್ಲಿ ಒಂದರಿಂದ ಮೂರು ವರ್ಷಗಳು ಹಿಡಿಯಬಹುದು. ತಾನು ಎತ್ತಲಾರದ ಕೈಯನ್ನು ಬೇರೊಬ್ಬರು ಎತ್ತಿದರೂ ಅದು ಏಳದಿರುವುದೇ ಇದರ ಮುಖ್ಯ ಲಕ್ಷಣ.

ಚಿಕಿತ್ಸೆಯ ಜೀವಾಳವು ಮಿತವಾದ ಚಲನೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ನಿಮಿಷ ಶಾಖ ಕೊಟ್ಟು, ಒಳ್ಳೆಯ ಕೈಯನ್ನು ಮೇಜಿಗೆ ಊರಿ ಮುಂದೆ ಬಾಗಿ, ನೋಯುವ ಕೈಯನ್ನು ಜೋಲುಬಿಟ್ಟು ಗಡಿಯಾರದ ಲೋಲಕದಂತೆ ಹಿಂದೆ ಮುಂದೆ, ಬಳಿಕ ಸಣ್ಣ ವರ್ತುಲವಾಗಿ ಆಡಿಸಬೇಕು. ಇದಕ್ಕೆ ಕಾಡ್‌ಮನ್ನನ ಹೆಸರೇ ನಿಂತಿದೆ. ನೋವು ತಗ್ಗಿದ ಮೇಲೆ ಗೋಡೆಯೆದುರು ನಿಂತು ಬೆರಳುಗಳನ್ನು ಜೇಡನಂತೆ ಮೇಲಕ್ಕೆ ನಡೆಸಿ, ಮುಟ್ಟಿದೆಡೆಯಲ್ಲಿ ಸೀಮೆಸುಣ್ಣದ ಗೆರೆಯೆಳೆಯುವುದು. ಗೆರೆಯು ವಾರಕ್ಕೆ ಅರ್ಧ ಅಂಗುಲ ಏರಿದರೂ ರೋಗಿಯ ಮುಖವು ಅರಳುವುದು. ಶಾಲೆಯಲ್ಲಿ ಸೀಮೆಸುಣ್ಣದೊಡನೆ ಆಯುಷ್ಯ ಕಳೆದವನಿಗೆ ಈ ಲೆಕ್ಕವು ಬಲು ಮೆಚ್ಚು. ವ್ಯಾಯಾಮದ ತರುವಾಯ ನೋವು ಬಹಳ ಹೊತ್ತು ನಿಂತರೆ ಮರುದಿನ ಪ್ರಮಾಣವನ್ನು ತಗ್ಗಿಸಬೇಕು.

ಅಲುಗಿಸುವುದೆಂದರೆ ಜಗ್ಗುವುದಲ್ಲ. ಬಲವಂತವಾಗಿ ಕೈಯೆಳೆದು “ಕೀಲು ಬಿಡಿಸುವ”ವರ ಬಳಿಗೆ ಹೋಗಕೂಡದು. ಎಲುಬು ಮುರಿಯುವ ಭಯವುಂಟು. ಕಲಬುರಗಿಯ ದೊಡ್ಡ ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿ ಬಲ್ಲವರಿದ್ದಾರೆ. ಮೊದಲು ಅವರ ಕಣ್ಣೆದುರಿನಲ್ಲಿ ಕಲಿತು ಬಳಿಕ ಮನೆಯಲ್ಲಿ ನಡೆಸುವುದು ಲೇಸು. ನೋವು ತಡೆಯಲಾರದಷ್ಟಿದ್ದರೆ ವೈದ್ಯರು ಕೀಲಿನೊಳಗೆ ಸೂಜಿಮದ್ದು ಕೊಡುವುದೂ ಉಂಟು. ಬಿದ್ದ ಪೆಟ್ಟಿನಿಂದ ಬಂದ ನೋವು, ಜ್ವರದೊಡನೆ ಬಂದ ಬಾವು, ಇವಕ್ಕೆ ಮನೆಯ ವ್ಯಾಯಾಮವು ತಕ್ಕುದಲ್ಲ. ಹೆಗಲ ನೋವಿನೊಡನೆ ಎದೆ ಬಿಗಿದು ಬೆವರೊಡೆದರೆ ಅದು ಹೃದಯದ ಸಂಗತಿಯಾಗಿರಬಹುದು. ಆಗ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.