ಜೋಗದಿಂದ ಕಲ್ಲು ಬಿಟ್ಟರೆ ತಳಕ್ಕೆ ಎಷ್ಟು ಹೊತ್ತು?

ಫಿಸಿಕ್ಸ್ ಅಂದರೆ ಬೆವರುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಕೋಲಸಿರ್ಸಿಯಲ್ಲಿರುವ ನಮ್ಮ ಅಕ್ಕನ ಮಗಳು ಪ್ರಥಮ ಪಿಯುಸಿ. ಸೈನ್ಸೇ ಬಿಟ್ಟುಬಿಡುವ ಮಾತಾಡುತ್ತಿದ್ದಳು. "ಚಿಕ್ಕಿ, ಸೂತ್ರ ಎಲ್ಲ ಬಾಯಿಪಾಠ ಇದ್ದು. ಲೆಕ್ಕ ಕೊಟ್ರೆ ಯಾವ್ದು ಹಾಕವು ಹೇಳೇ ಗೊತ್ತಾಗ್ತಿಲ್ಲೆ" ಅನ್ನೋದು ಅವಳ ಗೋಳು.

ಬೆಂಗಳೂರಿಂದ ಫೋನಿನಲ್ಲೇ ಕೇಳಿದೆ: ಜೋಗದ ನೆತ್ತಿಯಿಂದ ಕಲ್ಲು ಬಿಟ್ಟರೆ ತಳ ಮುಟ್ಟಲು ಎಷ್ಟು ಹೊತ್ತು? ಎತ್ತರ 253 ಮೀಟರ್. ಗುರುತ್ವ ವೇಗೋತ್ಕರ್ಷ 9.8. ಬಿಟ್ಟಿದ್ದು, ಎಸೆದಿದ್ದಲ್ಲ, ಹಾಗಾಗಿ ಆರಂಭದ ವೇಗ ಸೊನ್ನೆ. ಗಾಳಿಯ ತಡೆ ಸದ್ಯಕ್ಕೆ ಬೇಡ. ಎತ್ತರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 7.2 ಸೆಕೆಂಡು. ಅದನ್ನು 9.8ರಿಂದ ಗುಣಿಸಿದರೆ ವೇಗ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿಲೋಮೀಟರಿಗೂ ಜಾಸ್ತಿ!

"ಹಂಗಾರೆ ನೀರು?" ಅಂದಳು. ಒಳ್ಳೆ ಪ್ರಶ್ನೆ. ಗಾಳಿಯ ತಡೆಗೆ ಸಿಕ್ಕ ನೀರು ಒಡೆದು ತುಂತುರಾಗುತ್ತದೆ. ಅಷ್ಟು ವೇಗ ಬರೋದಿಲ್ಲ. ದೊಡ್ಡ ಮಳೆಹನಿಯ ವೇಗವೂ ಸೆಕೆಂಡಿಗೆ ಸುಮಾರು 9 ಮೀಟರಿಗೇ ನಿಲ್ಲುತ್ತದೆ. ಹಾಗಾದರೆ ಶಕ್ತಿ ಎಲ್ಲಿ ಹೋಯ್ತು? ಕೊನೆಗೆ ಶಾಖವಾಯ್ತು. ಆ ಎತ್ತರದ ಪ್ರಚ್ಛನ್ನ ಶಕ್ತಿ ಪೂರ್ತಿ ನೀರಲ್ಲೇ ಉಳಿದರೂ ಬಿಸಿ ಏರೋದು ಬರೀ 0.6 ಡಿಗ್ರಿ ಸೆಲ್ಸಿಯಸ್. ಅದೇ ಶಕ್ತಿಯನ್ನು ಕೊಳವೆಯಲ್ಲಿ ಹಿಡಿದು ಟರ್ಬೈನ್ ತಿರುಗಿಸಿದರೆ ಕರೆಂಟು. 1948ರಲ್ಲಿ ಶುರುವಾದ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರದ ಗುಟ್ಟೂ ಇಷ್ಟೇ.

ಪರೀಕ್ಷೆಗೆ ಓದುವವರು ಮೊದಲು ಕೊಟ್ಟಿದ್ದನ್ನು ಏಕಮಾನದ ಜೊತೆ ಬರೆಯಲಿ, ಚಿತ್ರ ಹಾಕಲಿ; ಸೂತ್ರ ಆಮೇಲೆ. ಉತ್ತರ ಬಂದಮೇಲೆ 'ಇದು ಸಾಧ್ಯವಾ?' ಅಂತ ಕೇಳಿಕೊಳ್ಳಲಿ. ನಿಮ್ಮನೆ ಮಕ್ಕಳಿಗೂ ಕೇಳಿ ನೋಡಿ: 15 ಮೀಟರ್ ಎತ್ತರದಿಂದ ಅಡಕೆ ಕೊನೆ ಬಿದ್ದರೆ ಎಷ್ಟು ಹೊತ್ತು? 1.75 ಸೆಕೆಂಡು ಅಂದರೆ ಅರ್ಧ ಹೆದರಿಕೆ ಹೋದಂತೆ.